ಸೇತುವೆ ಕಟ್ಟಿದ ಮೇಲೆ

ಆ ಊರಿನ ನೆಲ ಬಂಗಾರದಂಥದ್ದು. ಹಸಿವಿಲ್ಲ, ಜಗಳವಿಲ್ಲ. ಇದ್ದದ್ದು ಒಂದೇ ಸಂಕಟ, ಹೊಳೆ. ಪ್ರತಿ ಮಳೆಗಾಲ ತೆಪ್ಪ ಮಗುಚಿ ಯಾರಾದರೂ ಕೊಚ್ಚಿಹೋಗುತ್ತಿದ್ದರು.

ಅದಕ್ಕೇ ದಡದಲ್ಲಿದ್ದ ಮುಪ್ಪಿನಸ್ವಾಮಿಗಳ ಆಶ್ರಮಕ್ಕೆ ಜನವೋ ಜನ. ಕೈ ಮುಗಿಯದೆ ಯಾರೂ ತೆಪ್ಪ ಹತ್ತುತ್ತಿರಲಿಲ್ಲ. ಬಂದವರ ಹಣೆಗೆ ವಿಭೂತಿ ಹಚ್ಚುವುದು ಶಿಷ್ಯ ಪಾಲಾಕ್ಷನ ಕೆಲಸ. ಆ ಕೆಲಸವೆಂದರೆ ಅವನಿಗೆ ಪ್ರಾಣ.

ಒಂದು ಬೇಸಿಗೆ ಊರವರು ಸೇತುವೆ ಕಟ್ಟಲು ನಿಂತರು. ಕಲ್ಲು ಸಾಲದೆ ಆಶ್ರಮದ ಬಾಗಿಲಿಗೆ ಬಂದರು.

“ಕಲ್ಲಿಲ್ಲ, ಗಿಲ್ಲಿಲ್ಲ,” ಪಾಲಾಕ್ಷ ಗದರಿದ. “ಹೊಳೆಯಮ್ಮ ಮುನಿದರೆ ಏನು ಮಾಡ್ತೀರಿ?”

ಊರವರು ಹೆದರಿ ಹಿಂತಿರುಗಿದರು.

ಗುರುಗಳು ಒಳಗಿನಿಂದ ಬಂದರು. “ಹೊಳೆಯಮ್ಮ ಮುನೀತಾಳೆ ಅಂತ ನಿನಗೆ ಯಾರು ಹೇಳಿದರು?”

ಪಾಲಾಕ್ಷ ತಲೆ ತಗ್ಗಿಸಿದ. “ಸುಳ್ಳು ಹೇಳಿದೆ ಬುದ್ಧಿ. ಸೇತುವೆ ಆದರೆ ಈ ಊರಿಗೆ ಕಷ್ಟವೇ ಇರೋದಿಲ್ಲ. ಕಷ್ಟ ಇಲ್ಲದ ಊರಿಗೆ ಧರ್ಮ ಯಾಕೆ ಬೇಕು? ನಾವು ಯಾಕೆ ಬೇಕು?”

ಗುರುಗಳು ಹಾರೆ ತಂದು ಆಶ್ರಮದ ಸುತ್ತುಗೋಡೆಯ ಮೊದಲ ಕಲ್ಲನ್ನು ತಾವೇ ಮೀಟಿದರು.

“ಹೊತ್ತುಕೊಂಡು ನಡಿ. ಗೋಡೆಯೆಲ್ಲ ಅವರದೇ ಅಂತ ಹೇಳು.”

ಸೇತುವೆ ಎದ್ದಿತು. ಆ ಮಳೆಗಾಲ ಹೊಳೆ ಯಾರನ್ನೂ ಒಯ್ಯಲಿಲ್ಲ.

ಆಶ್ರಮಕ್ಕೂ ಯಾರೂ ಬರಲಿಲ್ಲ. ಪಾಲಾಕ್ಷ ವಿಭೂತಿ ತಟ್ಟೆ ಹಿಡಿದು ದಿನವೂ ಕಾದ. ಗಾಡಿಗಳು ಗಡಗಡ ದಾಟಿ ಹೋಗುತ್ತಿದ್ದವು.

“ನಾನು ಹೇಳಿದ್ದೇ ಆಯ್ತಲ್ಲ ಬುದ್ಧಿ?”

“ಯಾರೂ ಮುಳುಗಲಿಲ್ಲವಲ್ಲೋ!” ಗುರುಗಳು ಹಿಗ್ಗಿದರು.

ಒಂದು ಬೆಳಿಗ್ಗೆ ಸೇತುವೆಯ ನಡುವೆ ದೊಡ್ಡಗೌರಿ ನಿಂತಿದ್ದಳು. ಅವಳ ಅಣ್ಣನನ್ನು ನುಂಗಿದ್ದು ಇದೇ ಹೊಳೆ. ತೆಪ್ಪದಲ್ಲಿ ಕೂತರೆ ಆಚೆ ದಡ ಸಿಗುವ ತನಕ ಅವಳು ಕಣ್ಣು ಬಿಟ್ಟವಳೇ ಅಲ್ಲ. ಇವತ್ತು ಕೆಂಪಗೆ ತುಂಬಿ ಹರಿಯುವ ನೀರನ್ನು ಕಣ್ತುಂಬ ನೋಡುತ್ತ ಕೈ ಮುಗಿದಿದ್ದಳು.

ಪಾಲಾಕ್ಷ ಓಡಿದ. “ಏನಾಯ್ತಕ್ಕ? ಏನು ಬೇಡಿಕೊಂಡೆ?”

“ಬೇಡೋಕೆ ಏನಿದೆ ಸ್ವಾಮಿ?” ಅವಳು ನಕ್ಕಳು. “ನಮ್ಮ ಹೊಳೆ ಇಷ್ಟು ಚೆಂದ ಅಂತ ಗೊತ್ತೇ ಇರಲಿಲ್ಲ. ಕೈ ತಾನಾಗೇ ಮುಗೀತು.”

ಪಾಲಾಕ್ಷನ ಮೈ ಜುಮ್ಮೆಂದಿತು. ಏದುಸಿರು ಬಿಡುತ್ತ ಬಂದು ಗುರುಗಳಿಗೆ ಎಲ್ಲ ಹೇಳಿದ.

ಗುರುಗಳು ಧಡಕ್ಕನೆ ಎದ್ದು ನಿಂತರು.

“ಇಷ್ಟು ವರ್ಷ ಇಲ್ಲಿ ಕೈ ಮುಗಿದದ್ದು ಭಯ ಕಣಪ್ಪ. ಮೊದಲ ಭಕ್ತೆ ಕಂಡದ್ದು ಇವತ್ತು. ಗಂಟೆ ಬಾರಿಸು!”