ಆಚೆ ದಡಕ್ಕೆ ಕೂಗಿದ್ದು

ಸೋಂಕಿನ ವರ್ಷ ಹೊಳೆದಂಡೆಯ ಆಶ್ರಮವೇ ಆಸ್ಪತ್ರೆಯಾಯಿತು.

ಗುರುಗಳು ವೈದ್ಯರು. ಆದರೆ ಎಂಬತ್ತು ದಾಟಿದವರು ಎಂದು ಊರವರು ಅವರನ್ನು ಹೊಳೆಯಾಚೆ ಕರೆದುಕೊಂಡು ಹೋಗಿ ಇರಿಸಿದರು. ರೋಗಿಗಳ ಜೊತೆ ಉಳಿದವಳು ಶಿಷ್ಯೆ ಕಾತ್ಯಾಯಿನಿ ಒಬ್ಬಳೇ.

ಮನೆಯವರು ಹೊಳೆ ದಾಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಆಚೆ ದಡಕ್ಕೆ ಬಂದು ನಿಲ್ಲುತ್ತಿದ್ದರು. ಕಾತ್ಯಾಯಿನಿ ಈಚೆ ದಡದ ಬಂಡೆ ಹತ್ತಿ, ಮುಖದ ಬಟ್ಟೆ ಸರಿಸಿ, ಒಬ್ಬೊಬ್ಬರ ಸುದ್ದಿಯನ್ನೂ ಕೂಗಿ ಹೇಳುತ್ತಿದ್ದಳು.

“ಗಂಜಿ ಕುಡಿದರು!”

“ಚೆನ್ನಾಗಿ ನಿದ್ದೆ ಮಾಡಿದರು!”

ತೀರಿಕೊಂಡವರಿದ್ದರೆ, “ನೋವಿಲ್ಲದೆ ಹೋದರು!”

ಆಚೆ ದಡದವರು ಅತ್ತು, ಕೈ ಮುಗಿದು, ಹೋಗುತ್ತಿದ್ದರು. ಅವಳು ಬಂಡೆ ಇಳಿದು ಒಳಗೆ ಹೋಗುತ್ತಿದ್ದಳು.

ಸೋಂಕು ಇಳಿಯಿತು. ಕೊನೆಯ ರೋಗಿಯೂ ಎದ್ದು ಮನೆಗೆ ಹೋದ. ಗುರುಗಳು ಆಶ್ರಮಕ್ಕೆ ಮರಳಿದರು.

ಕಾತ್ಯಾಯಿನಿ ದೂರದಿಂದಲೇ ನಮಸ್ಕಾರ ಮಾಡಿದಳು.

“ನಾಳೆ ಹೊರಡ್ತೀನಿ, ಗುರುಗಳೇ. ಇನ್ನು ಯಾರ ನಾಡಿಯನ್ನೂ ಹಿಡಿಯಲ್ಲ.”

“ಯಾಕಮ್ಮ?”

“ನಾನು ಕೂಗಿದ್ದೆಲ್ಲ ಸುಳ್ಳು.”

“ಗೊತ್ತು. ಅವರ ಹಿಂದೆ ನಿಂತು ದಿನಾ ಕೇಳ್ತಿದ್ದೆನಲ್ಲ. ಅಷ್ಟು ಜನ ಹೋದರು, ಒಬ್ಬರಿಗೂ ನೋವಾಗಲಿಲ್ಲ! ನನ್ನ ಕೈಲಿ ಯಾರೂ ಅಷ್ಟು ಚೆನ್ನಾಗಿ ಸತ್ತಿಲ್ಲ, ತಾಯಿ.”

ಅವಳು ನಗಲಿಲ್ಲ.

“ಪ್ರಾಯಶ್ಚಿತ್ತ ಹೇಳಿ. ಆ ಮನೆಯವರು ದಾರೀಲಿ ಸಿಕ್ಕಿದರೆ ಈಗಲೂ ಕೈ ಮುಗೀತಾರೆ. ನಿಜ ಹೇಳಿದರೆ ಅವರು ತಡ್ಕೊಳ್ಳಲ್ಲ. ಹೇಳದೇ ಹೋದರೆ ನಾನು…”

ಗುರುಗಳು ಎದ್ದರು. ಅಂಬಿಗ ಮಾರಯ್ಯನನ್ನು ಕರೆದರು.

“ನನ್ನನ್ನ ಆಚೆ ಬಿಡಪ್ಪ.”

“ಈಗ ತಾನೇ ಬಂದ್ರಲ್ಲ ಸ್ವಾಮಿ! ಈ ಉರಿಬಿಸಿಲಲ್ಲಿ ಆಚೆ ಒಂದು ನಾಯೀನೂ ಇಲ್ಲ.”

“ಅದಕ್ಕೇ.”

ದೋಣಿ ದಾಟಿತು. ಗುರುಗಳು ಇಳಿದು ಮಾರಯ್ಯನಿಗೆ ಏನೋ ಹೇಳಿದರು. ಅವನು ತಲೆ ಕೆರೆದುಕೊಳ್ಳುತ್ತ ದೋಣಿಯನ್ನು ಕಟ್ಟಿ, ಊರ ಕಡೆ ನಡೆದ.

ಮನೆಯವರು ನಿಲ್ಲುತ್ತಿದ್ದ ಜಾಗದಲ್ಲಿ ಗುರುಗಳು ನಿಂತರು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು.

“ಕಾತ್ಯಾಯಿನೀ! ಹೇಗಿದ್ದೀಯಾ?”

ಅವಳ ಕಾಲು ತಾನಾಗಿಯೇ ಬಂಡೆ ಹತ್ತಿತು.

“ಚೆನ್ನಾಗಿದ್ದೀನಿ! ಗಂಜಿ ಕುಡಿದೆ! ಚೆನ್ನಾಗಿ ನಿದ್ದೆ…”

ಅಷ್ಟರಲ್ಲಿ ತನ್ನ ದನಿ ಅವಳಿಗೇ ಕೇಳಿಸಿತು. ನಿಲ್ಲಿಸಿದಳು.

“ನಾನು ಯಾವ ರೋಗಿಯ ಮನೆಯವನೂ ಅಲ್ಲ!” ಗುರುಗಳು ಕೂಗಿದರು. “ನನಗೆ ಹೇಳಬಹುದು!”

ಅವಳು ಬಂಡೆಯ ಅಂಚಿಗೆ ಬಂದಳು.

“ರಾಚವ್ವ!” ಎಂದಳು. ದನಿ ನಡುನೀರಿಗೂ ಮುಟ್ಟಲಿಲ್ಲ. ಮತ್ತೆ ಕೂಗಿದಳು. “ರಾಚವ್ವ ನೋವಿಲ್ಲದೆ ಹೋಗಲಿಲ್ಲ! ಬೆಳಗಿನಿಂದ ಉಸಿರಿಗೆ ಒದ್ದಾಡಿದರು! ನನ್ನ ಸೆರಗು ಹಿಡಿದುಕೊಂಡಿದ್ದರು! ಆ ಮೂಲೆಯಿಂದ ಇನ್ನೊಬ್ಬ ರೋಗಿ ಕರೆದರು! ಬೆರಳು ಒಂದೊಂದೇ ಬಿಡಿಸಿ ಹೋದೆ, ಗುರುಗಳೇ! ವಾಪಸ್ ಬರುವಷ್ಟರಲ್ಲಿ ಕೈ ಹಾಗೇ ಮೇಲಕ್ಕಿತ್ತು!”

ಗುರುಗಳು ಕಾದ ಮರಳಿನ ಮೇಲೆ ಟವೆಲು ಹಾಸಿ ಕೂತರು.

“ಕೇಳಿಸಿತಾ?” ಅವಳು ಕೂಗಿದಳು.

“ಕೇಳಿಸಿತು!”

“ಹಾಗಾದರೆ ಬಂದುಬಿಡಿ! ಬಿಸಿಲು ಜಾಸ್ತಿ!”

“ದೋಣಿ ಹೊರಡೋದು ಸಂಜೆಗೆ! ರಾಚವ್ವ ಆದಮೇಲೆ ಯಾರು ಹೋದರು, ಹೇಳು!”