ಎಡಗಡೆಯ ಆಡುಗಳು

ಬಯಲುಸೀಮೆಯ ಒಂದು ಊರಿನಲ್ಲಿ ಸತ್ಯಮಿತ್ರಪ್ಪ ಎಂಬ ಪಾದ್ರಿ ಇದ್ದರು. ಸುತ್ತಲಿನ ನಾಲ್ಕು ಸಭೆಗಳಿಗೂ ಅವರೊಬ್ಬರೇ. ಮೂವತ್ತು ವರ್ಷ ಸೈಕಲ್ ತುಳಿದು ತುಳಿದು ಮಂಡಿ ಸವೆದಿತ್ತು, ಪ್ರಸಂಗ ಮಾಡಿ ಮಾಡಿ ಗಂಟಲೂ ಸೋತಿತ್ತು. ಕೆಟ್ಟವರಲ್ಲ, ದಣಿದವರು. ದಣಿದ ಮನುಷ್ಯನನ್ನು ಏನಾದರೂ ಕೇಳಿ ನೋಡಿ, ಬೇಗ ಮುಗಿಯುವ ಉತ್ತರವನ್ನೇ ಕೊಡುತ್ತಾನೆ. ಈ ಕಥೆಯ ಗೋಳೆಲ್ಲ ಅಲ್ಲಿಂದಲೇ ಶುರು.

ಒಂದು ಭಾನುವಾರ ಅವರು ಕಡೆಯ ದಿನದ ತೀರ್ಪಿನ ಬಗ್ಗೆ ಹೇಳಿದರು. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಕರ್ತನು ಜನರನ್ನು ಬೇರೆ ಮಾಡುತ್ತಾನೆ. ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ಎಡಗಡೆಯವರಿಗೆ ಬೆಂಕಿ.

ಆ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಚಾಪೆಯ ಮೇಲೆ ಕೂರುವುದು ಹಿಂದಿನಿಂದ ಬಂದ ಪದ್ಧತಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಂತೂ ಮೆಲ್ಲಗೆ ಚಾಪೆ ಎಳೆದುಕೊಂಡು ಗಂಡಸರ ಕಡೆಗೆ ಸರಿದೇಬಿಟ್ಟರು! ಎದುರಿಗೆ ನಿಂತ ಪಾದ್ರಿಯ ಕಡೆಯಿಂದ ನೋಡಿದರೆ ಹೆಂಗಸರೇ ಬಲಕ್ಕಿದ್ದರು ಎಂಬುದು ಆ ಇಬ್ಬರಿಗೂ ಹೊಳೆಯಲೇ ಇಲ್ಲ. ನಗಬೇಡಿ. ನಾವೆಲ್ಲ ಅಷ್ಟೇ, ನಾವು ಕೂತ ಜಾಗದಿಂದಲೇ ದೇವರಿಗೂ ಎಡಬಲ ಗೊತ್ತುಮಾಡುತ್ತೇವೆ.

ಜಾಗ ಬಿಟ್ಟು ಅಲುಗದವರಲ್ಲಿ ರೂತವ್ವ ಎಂಬ ಮುದುಕಿ ಇದ್ದಳು. ಅವಳ ಒಬ್ಬನೇ ಮಗ ಯೋನ ಎರಡು ತಿಂಗಳ ಹಿಂದೆ ತೀರಿಹೋಗಿದ್ದ. ಕುಡುಕ. ಸಭೆಯ ಹಿರಿಯರ ಜೊತೆ ಜಗಳವಾಡಿ ಹದಿನೈದು ವರ್ಷದಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಕುಡಿದ ಮತ್ತಿನಲ್ಲೇ ಕಾಲುವೆಗೆ ಬಿದ್ದು ಸತ್ತ. ರೂತವ್ವ ಎದ್ದು ನಿಂತು ಕೇಳಿದಳು.

“ಅಯ್ನೋರ, ನಮ್ಮ ಯೋನ ಯಾ ಕಡೆ ಅದಾನ್ರಿ?”

ಬಿಸಿಲು ಏರಿತ್ತು. ಪಾದ್ರಿಗೆ ಇನ್ನೂ ಎರಡು ಊರು ಬಾಕಿಯಿದ್ದವು. “ಗೊತ್ತಿದ್ದೂ ಯಾಕ ಕೇಳ್ತೀಯವ್ವಾ? ಎಡಕ್ಕ,” ಎಂದುಬಿಟ್ಟರು.

“ಹಂಗಾದ್ರ ನನ್ನ ಹೆಸರೂ ಆ ಕಡೆನ ಬರೀರಿ. ಅವ ಇಲ್ಲದ ಸ್ವರ್ಗ ತಗೊಂಡು ನಾ ಏನ ಮಾಡ್ಲಿ?” ಎಂದಳು ರೂತವ್ವ. ಚಾಪೆ ಸುತ್ತಿಕೊಂಡು ಹೊರಟುಹೋದಳು.

ಆಮೇಲೆ ಅವಳು ಚರ್ಚಿಗೆ ಬರಲಿಲ್ಲ. ಸಭೆಯವರೆಲ್ಲ ಪ್ರಾರ್ಥನೆಯಲ್ಲಿ ಹಂಚಿಕೊಂಡು ತಿನ್ನುವ ಕರ್ತನ ಭೋಜನದ ರೊಟ್ಟಿಯನ್ನು ಮನೆಗೆ ಕಳಿಸಿದರೂ ಮುಟ್ಟಲಿಲ್ಲ. ಚಳಿಗಾಲಕ್ಕೆ ಹಾಸಿಗೆ ಹಿಡಿದಳು. ಇನ್ನೆರಡು ದಿನ ಕಳೆದರೆ ಹೆಚ್ಚು ಎಂದು ಅಕ್ಕಪಕ್ಕದವರು ಹೇಳಿದಾಗ ಪಾದ್ರಿ ತಾವೇ ರೊಟ್ಟಿ ಹಿಡಿದುಕೊಂಡು ಹೋದರು. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

“ನನ್ನ ಮಗ ಅಲ್ಲಿ ಹಸದು ಕುಂತಾನ. ನಾ ಹೆಂಗ ತಿನ್ಲಿರಿ?”

ತಮ್ಮ ಒಂದು ಮಾತಿನಿಂದ ಒಬ್ಬ ತಾಯಿ ದೇವರಿಗೇ ಬೆನ್ನು ಹಾಕಿ ಸಾಯುತ್ತಿದ್ದಾಳೆ ಎಂಬುದು ಪಾದ್ರಿಗೆ ಆಗ ಹೊಳೆಯಿತು. ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಊರಾಚೆ ಬಂದು ಸೈಕಲ್ ನಿಲ್ಲಿಸಿ ಒಂದು ಹೊಲದ ಬದುವಿನ ಮೇಲೆ ಕೂತರು.

ಆ ಹೊಲದಲ್ಲಿ ಮಾಳಪ್ಪ ಎಂಬ ಕುರುಬ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದ. ಹೊತ್ತು ಮುಳುಗುತ್ತಿತ್ತು, ಗಾಳಿ ಕೊರೆಯುತ್ತಿತ್ತು. ಅವನು ಕುರಿಗಳನ್ನು ಒಂದು ಕಡೆ ಬಿಟ್ಟು, ಆಡುಗಳನ್ನು ಕಿವಿ ಹಿಡಿದು ಇನ್ನೊಂದು ಕಡೆಗೆ ಎಳೆಯುತ್ತಿದ್ದ. ಪಾದ್ರಿ ಇದನ್ನು ಎಷ್ಟೋ ಸಲ ಹೇಳಿದ್ದರು, ಕಣ್ಣಾರೆ ಕಂಡದ್ದು ಅವತ್ತೇ.

“ಆಡು ಏನ ತಪ್ಪ ಮಾಡ್ಯಾವೋ ಮಾಳಪ್ಪ?” ಎಂದು ಕೇಳಿದರು.

“ತಪ್ಪಾ? ಏನ ಮಾತಂತ ಆಡ್ತೀರ್ರಿ ಅಯ್ನೋರ! ಕುರಿ ಮೈಮ್ಯಾಗ ಉಣ್ಣೆ ಐತಿ, ಚಳಿ ತಡಕೋತಾವು. ಆಡಿಂದು ಬರೀ ಮೈ. ಹೊರಗ ಬಿಟ್ರ ಥಂಡಿಗೆ ಸಾಯ್ತಾವು. ಅದಕ್ಕ ಬ್ಯಾರೆ ಮಾಡಿ ನನ್ನ ಮಗ್ಗಲಕ್ಕ, ಬೆಂಕಿ ಹಂತೇಕ ಕಟ್ತೀನಿ.”

“ಮುಂಜಾನೆ?”

“ಮುಂಜಾನೆ ಎಲ್ಲಾ ಕೂಡೇ ಮೇಯಾಕ ಹೊಕ್ಕಾವು. ಎಲ್ಲಾ ನನ್ನವ ಅಲ್ಲೇನ್ರಿ? ಒಂದು ಕಡಿಮಿ ಆದ್ರೂ ನಾ ಊರಿಗೆ ಹೋಗಾಂಗಿಲ್ಲ.”

ಬೇರೆ ಮಾಡುವುದೆಂದರೆ ಬಿಸಾಡುವುದು ಎಂದೇ ಪಾದ್ರಿ ತಿಳಿದಿದ್ದರು. ಕುರುಬ ಯಾಕೆ ಬೇರೆ ಮಾಡುತ್ತಾನೆ ಎಂದು ಯಾವ ಕುರುಬನನ್ನೂ ಕೇಳಿರಲಿಲ್ಲ. ಬೆಂಕಿ ಎಂದು ಹೆದರಿಸಿದ್ದರು, ಅದನ್ನು ಹಚ್ಚುವವನು ಯಾರು, ಯಾರಿಗಾಗಿ ಹಚ್ಚುತ್ತಾನೆ ಎಂದು ಯೋಚಿಸಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಸೈಕಲ್ಲನ್ನು ತಳ್ಳಿಕೊಂಡೇ ರೂತವ್ವನ ಮನೆಗೆ ವಾಪಸು ನಡೆದರು.

ಕಂಡದ್ದನ್ನೆಲ್ಲ ಅವಳ ತಲೆಯ ಹತ್ತಿರ ಕೂತು ಹೇಳಿದರು. ಅವಳು ಗೋಡೆಯಿಂದ ಮುಖ ತಿರುಗಿಸಿದಳು.

“ಹಂಗಾದ್ರ ಯೋನಗ ಅಲ್ಲಿ ಥಂಡಿ ಹತ್ತಾಂಗಿಲ್ಲೇನ್ರಿ?”

ಹತ್ತಾಂಗಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಬೇಗ ಮುಗಿಯುವ ಉತ್ತರ ಕೊಟ್ಟು ಒಮ್ಮೆ ಕೈಸುಟ್ಟುಕೊಂಡಿದ್ದರಲ್ಲ.

“ಅಲ್ಲಿ ಹೆಂಗೈತಿ ಅಂತ ನಾ ನೋಡಿಲ್ಲವ್ವಾ. ಅವತ್ತು ನೋಡಿದವರಂಗ ಹೇಳಿದೆ, ತಪ್ಪಾತು. ನಮ್ಮ ಕರ್ತ ಅನ್ನೋ ಕುರುಬನ್ನ ಮಾತ್ರ ಬಲ್ಲೆ. ಹಿಂಡಿನಾಗ ಒಂದನ್ನೂ ಬಿಟ್ಟು ಮನಿಗೆ ಹೋಗಾವಲ್ಲ ಅವ. ಅಷ್ಟು ನಂಬೀನಿ.”

ರೂತವ್ವ ಕೈ ಚಾಚಿದಳು. ಪಾದ್ರಿ ಪ್ರಾರ್ಥನೆ ಮಾಡಿ ರೊಟ್ಟಿ ಕೊಟ್ಟರು. ಅವಳು ಅದನ್ನು ಎರಡಾಗಿ ಮುರಿದು ಒಂದು ತುಂಡನ್ನು ಅವರ ಮುಂದೆ ಹಿಡಿದಳು.

“ಇದು ಯೋನನ ಪಾಲು. ನೀವು ತಿನ್ರಿ.”

ಸತ್ತವರ ಪಾಲು ಎಂದು ಯಾವ ಸಭೆಯ ನಿಯಮದಲ್ಲೂ ಇಲ್ಲ. ಹಿರಿಯರಿಗೆ ಗೊತ್ತಾದರೆ ಪಂಚಾಯಿತಿಯೇ ಸೇರುತ್ತಿತ್ತು. ಪಾದ್ರಿ ನೆಲಕ್ಕೆ ಮೊಣಕಾಲೂರಿ, ತಾವೇ ಎಡಕ್ಕೆ ತಳ್ಳಿದ್ದ ಆ ಕುಡುಕನ ಪಾಲನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು ತಿಂದರು. ಅವರು ತಿಂದು ಮುಗಿಸಿದ್ದನ್ನು ನೋಡಿದ ಮೇಲೆ ರೂತವ್ವ ತನ್ನ ತುಂಡನ್ನು ಬಾಯಿಗೆ ಹಾಕಿಕೊಂಡಳು.

ನೀತಿ: ಸತ್ಯವೇದದ ಸಾಮ್ಯದ ಕಥೆಗಳನ್ನು ಕೊಟ್ಟಿರುವುದು ದೇವರ ಮನಸ್ಸನ್ನು ತಿಳಿಯಲಿಕ್ಕೆ, ಯಾರು ಹೊರಗೆ ಎಂದು ನಾವು ಗೆರೆ ಎಳೆಯಲಿಕ್ಕಲ್ಲ. ಅವನ ತೀರ್ಪೂ ಅವನ ಪ್ರೀತಿಯ ಕೆಲಸವೇ. ಒಬ್ಬ ತಾಯಿಗೇ ಬಿಟ್ಟುಕೊಡಲಾಗದ ಮಗನನ್ನು, ಆ ತಾಯಿಯನ್ನು ಉಂಟುಮಾಡಿದವನು ಬಿಟ್ಟುಬಿಡುತ್ತಾನೆ ಎಂದು ಹೇಳಹೊರಡಬೇಡಿ. ಅದಕ್ಕಿಂತ ಒಳ್ಳೆಯ ಮಾತು ಹೇಳಲಾಗದಷ್ಟು ದಣಿದಿದ್ದರೆ, ಸುಮ್ಮನಾದರೂ ಇರಿ.