ಪ್ಲಾಸ್ಟರಿನ ಒಳಗಿನ ಉಬ್ಬು

ಗದಿಗೆಪ್ಪನವರು ಎಲುಬಿನ ಡಾಕ್ಟರು. ಗುರುವಾರ ಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಿದ್ದರು. ಭಾನುವಾರ ಹೊಳೆಯಾಚೆಯ ಮಠದ ಪಡಸಾಲೆಯಲ್ಲಿ ಬಂದವರ ಕೈಕಾಲು ನೋಡುತ್ತಿದ್ದರು. ಮಠದ ಹಿಂದಿನ ಎರಡು ಕೋಣೆಗಳೇ ಅವರ ಮನೆ.

ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನಷ್ಟೇ ಅವರು ಆಪರೇಷನ್ ಥಿಯೇಟರಿನಲ್ಲಿ ತಮ್ಮ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದರು. ಆ ಜಾಗ ಕೇಳಲು ಶಾಂಭವಿ ಒಂದು ಭಾನುವಾರ ದೋಣಿ ಹತ್ತಿದಳು. ಮೆಡಿಕಲ್ ಕಾಲೇಜು ಸೇರಿ ಐದೇ ತಿಂಗಳಾಗಿತ್ತು.

ದೋಣಿ ದಂಡೆ ಮುಟ್ಟುವ ಮೊದಲೇ ಜಿಗಿದಳು. ಮೊಣಕಾಲಿನ ತನಕ ನೆನೆದಳು.

ಡಾಕ್ಟರು ಪಡಸಾಲೆಯಿಂದ ನೋಡುತ್ತಿದ್ದರು. “ದೋಣಿ ಇನ್ನೇನು ನಿಲ್ಲಾಕತ್ತಿತ್ತಲ್ಲ ತಂಗಿ?”

“ತಡ ಆಗಬಾರದು ಅಂತ್ರಿ ಸರ್.”

ನಿಂತಲ್ಲೇ ಚೀಲದಿಂದ ನೋಟ್‌ಬುಕ್ ತೆಗೆದಳು. “ನಾ ಎಲುಬಿನ ಸರ್ಜನ್ ಆಗಬೇಕ್ರಿ. ಈಗಿಂದನ ತಯಾರಿ ನಡಸೇನ್ರಿ. ಇನ್ನೂರಾ ಆರೂ ಎಲುಬಿನ ಹೆಸರು ಬಾಯಿಪಾಠ ಐತ್ರಿ. ಬಾಳೆಹಣ್ಣಿನ ಸಿಪ್ಪಿ ಮ್ಯಾಲ ಹೊಲಿಗಿ ಕಲಿಯಾಕತ್ತೇನಿ. ಮೂರನೇ ವರ್ಷದ ಪುಸ್ತಕ ಈಗನ ತಗೊಂಡೇನಿ. ಮೊದಲನೇ ವರ್ಷದಾಗ ಇನ್ನ ಯಾವ್ಯಾವ ಸರ್ಟಿಫಿಕೇಟು ತಗೋಬೇಕ್ರಿ?”

ಮೇಜಿನ ಮೇಲಿನ ಕಾಗದ ಹಾರದಂತೆ ಯಾರದೋ ಮುರಿದ ಕಾಲಿಗೆ ಹಾಕಿದ್ದ ಹಳೆಯ ಪ್ಲಾಸ್ಟರಿನ ತುಂಡೊಂದನ್ನು ಇಟ್ಟಿದ್ದರು. ಹಳದಿಗಟ್ಟಿತ್ತು. ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು ಒಳಮೈಯನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕೂತರು.

“ನನ್ನ ಮೊದಲನೇ ವರ್ಷದ ಸರ್ಟಿಫಿಕೇಟು ಇದು,” ಎಂದರು.

ಮುದುಕರು ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ಶಾಂಭವಿ ನಕ್ಕಳು. ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಸಾವಂತ್ರೆವ್ವನನ್ನು ಹೊತ್ತು ತಂದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದು ಮುದುಕಿಯ ಪಾದದ ಗಂಟು ಮುರಿದಿತ್ತು. ಪೇಟೆಯಲ್ಲಿ ತೆಗೆಸಿ ತಂದಿದ್ದ ಎಕ್ಸ್‌ರೇಯನ್ನು ಡಾಕ್ಟರು ನೋಡಿದರು, ಪಾದ ಎಳೆದು ಎಲುಬು ಕೂಡಿಸಿದರು, ಹತ್ತಿ ಸುತ್ತಿದರು, ಅದರ ಮೇಲೆ ಒದ್ದೆ ಪ್ಲಾಸ್ಟರ್ ಸುತ್ತಿದರು.

“ತಂಗಿ, ಹಿಮ್ಮಡ ಹಿಡಿ. ಅಂಗೈಯಾಗ ಹಿಡಿ, ಬೆರಳು ಊರಬ್ಯಾಡ. ಗಟ್ಟಿ ಆಗೋತನಕ ಅಲುಗಾಡಬ್ಯಾಡ.”

ಶಾಂಭವಿ ಹಿಡಿದಳು. ಡಾಕ್ಟರು ಅತ್ತ ಇನ್ನೊಬ್ಬನ ಭುಜ ನೋಡಲು ಹೋದರು.

ಒಂದು ನಿಮಿಷ, ಎರಡು ನಿಮಿಷ. ಅವಳ ತಲೆಯೊಳಗೆ ಗುರುವಾರದ ಥಿಯೇಟರು. ಇವರನ್ನು ಹೇಗೆ ಕೇಳಲಿ, ಈಗಲೇ ಕೇಳಲೋ ಆಮೇಲೆ ಕೇಳಲೋ, ಮತ್ತ್ಯಾರಾದರೂ ಕೇಳಿಬಿಟ್ಟಿದ್ದರೆ? ಪಾದ ಸ್ವಲ್ಪ ಜಾರಿತು. ಗಬಕ್ಕನೆ ಹಿಡಿದಳು. ಹೆಬ್ಬೆರಳು ಪ್ಲಾಸ್ಟರಿನಲ್ಲಿ ಇಳಿಯಿತು.

ತೆಗೆದಾಗ ಅಲ್ಲೊಂದು ಗುಳಿ.

ಡಾಕ್ಟರ ಬೆನ್ನು ಇತ್ತ ಇತ್ತು. ಶಾಂಭವಿ ಬಕೆಟ್ಟಿನ ನೀರಲ್ಲಿ ಕೈ ಅದ್ದಿ, ಒಂದಿಷ್ಟು ಪ್ಲಾಸ್ಟರಿನ ಗಸಿ ತೆಗೆದು ಗುಳಿಯ ಮೇಲೆ ಸವರಿದಳು. ಗುಳಿ ಕಾಣದಾಯಿತು.

ಡಾಕ್ಟರು ಬಂದು ನೋಡಿದರು. “ಚಲೋ ಹಿಡದಿ. ಗುರುವಾರ ಮುಂಜಾನೆ ಏಳಕ್ಕ ಥಿಯೇಟರಿಗೆ ಬಾ.”

ಅವಳು ಕೇಳಿರಲೇ ಇಲ್ಲ. ಜಾಗ ತಾನಾಗಿ ಸಿಕ್ಕಿತ್ತು.

ಸೋಮವಾರ ಲೈಬ್ರರಿಯಲ್ಲಿ ಕೂತು, ಅವಸರಪಟ್ಟು ಕೊಂಡಿದ್ದ ಆ ಮೂರನೇ ವರ್ಷದ ಪುಸ್ತಕ ತೆರೆದಳು. ಪ್ಲಾಸ್ಟರಿನ ಅಧ್ಯಾಯದಲ್ಲಿ ಅದು ಸಿಕ್ಕಿತು. ಬೆರಳು ಊರಿದರೆ ಒಳಗೆ ಉಬ್ಬು ಏಳುತ್ತದೆ. ಹೊರಗೆ ಸವರಿದರೂ ಒಳಗಿನದು ಹೋಗುವುದಿಲ್ಲ. ಅದು ಒತ್ತಿ ಒತ್ತಿ ಹಿಮ್ಮಡದ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ.

ಪುಸ್ತಕ ಮುಚ್ಚಿದಳು. ಮತ್ತೆ ತೆರೆದು ಅದನ್ನೇ ಓದಿದಳು.

ಅನಾಟಮಿ ಕ್ಲಾಸಿನಲ್ಲಿ ಕೂರಲಾಗಲಿಲ್ಲ. ಗುರುವಾರ ಆದಮೇಲೆ ಹೇಳಿದರಾಯಿತು ಎಂದುಕೊಂಡಳು. ಉಬ್ಬು ಎದ್ದಿರಲಿಕ್ಕಿಲ್ಲ ಎಂದೂ ಅಂದುಕೊಂಡಳು. ಹೇಳಿದರೆ ಜಾಗ ಹೋಯಿತು, ಅದು ಖಾತ್ರಿ. ಹೆಬ್ಬೆರಳು ಮಾತ್ರ ಮೇಜಿನ ಅಂಚನ್ನು ಒತ್ತುತ್ತಲೇ ಇತ್ತು. ಊಟದ ಗಂಟೆ ಹೊಡೆದಾಗ ಎದ್ದು ಬಸ್ ಸ್ಟ್ಯಾಂಡಿಗೆ ಓಡಿದಳು.

ಹೊಳೆ ದಾಟಿ ಬಂದಾಗ ಡಾಕ್ಟರು ಮಠದ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು.

“ಸರ್, ನಿನ್ನಿ ಆ ಅಜ್ಜಿ ಪ್ಲಾಸ್ಟರಿನಾಗ ನನ್ನ ಹೆಬ್ಬೆಟ್ಟು ಊರಿತ್ರಿ. ಗುಳಿ ಬಿತ್ತು. ನೀವು ನೋಡೋದರಾಗ ಸವರಿಬಿಟ್ಟೆ.”

ಡಾಕ್ಟರು ಕೈಯಲ್ಲಿದ್ದ ಪಂಚೆಯನ್ನು ಹಿಂಡದೆಯೇ ಬಕೆಟ್ಟಿಗೆ ಹಾಕಿದರು. ಒಳಗೆ ಹೋಗಿ ಪ್ಲಾಸ್ಟರ್ ಕತ್ತರಿ, ಹೊಸ ಪಟ್ಟಿಯ ಉರುಳೆ ಚೀಲಕ್ಕೆ ತುಂಬಿಕೊಂಡು ಬಂದರು.

“ನಡಿ,” ಎಂದರು.

ಸಾವಂತ್ರೆವ್ವನ ಊರಿಗೆ ಹೋಗುವ ದೋಣಿಯಲ್ಲಿ ಡಾಕ್ಟರು ಕತ್ತರಿಯ ಅಲಗು ಒರೆಸುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಸಾವಂತ್ರೆವ್ವ ಮನೆಯ ಹೊರಗಿನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಡಾಕ್ಟರು ಪ್ಲಾಸ್ಟರ್ ಕತ್ತರಿಸಿ ತೆಗೆದರು. ಹಿಮ್ಮಡದ ಮೇಲೆ ಕೆಂಪಗೆ, ದುಂಡಗೆ ಒಂದು ಕಲೆ. ಚರ್ಮ ಒಡೆದಿರಲಿಲ್ಲ.

“ಚುಚ್ಚತಿರಲಿಲ್ಲೇನಬೇ ಯವ್ವಾ?” ಎಂದರು ಡಾಕ್ಟರು.

“ಚುಚ್ಚತಿತ್ತೋ ಯಪ್ಪಾ, ರಾತ್ರಿಯೆಲ್ಲಾ. ಡಾಕ್ಟರು ಕಟ್ಯಾರ, ಹಂಗ ಇರತೈತೇನೋ ಅಂತ ಸುಮ್ಮನಾದೆ.”

ಶಾಂಭವಿಗೆ ಅಳು ಬಂತು. ಅತ್ತಳು ಕೂಡ.

“ಯಾಕ ಅಳತಾಳ ಹುಡುಗಿ? ಮುರದದ್ದು ನನ್ನ ಕಾಲು,” ಎಂದಳು ಸಾವಂತ್ರೆವ್ವ.

“ತಪ್ಪು ನಂದಬೇ ಅಜ್ಜಿ. ನಾ ಬೆರಳು ಊರಿದ್ದೆ. ಮುಚ್ಚಿಟ್ಟೆ.”

“ಹಂಗಾರ ಈ ಸಲ ಸರಿಯಾಗಿ ಹಿಡಿ,” ಎಂದಳು ಮುದುಕಿ.

ಡಾಕ್ಟರು ಹೊಸ ಪ್ಲಾಸ್ಟರ್ ಸುತ್ತಿದರು. ಹಿಮ್ಮಡವನ್ನು ಶಾಂಭವಿಯ ಅಂಗೈಗೆ ಕೊಟ್ಟರು. ಅವಳು ಹಿಡಿದಳು. ಒದ್ದೆ ಪ್ಲಾಸ್ಟರ್ ಅಂಗೈಯಲ್ಲಿ ಬಿಸಿಯಾಯಿತು, ನಿಧಾನಕ್ಕೆ ಗಟ್ಟಿಯಾಯಿತು. ಕೈ ಜೋಮು ಹಿಡಿಯಿತು. “ಸಾಕು” ಎಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು.

ವಾಪಸು ದೋಣಿಯಲ್ಲಿ ಹೋಗುವಾಗ, ಕತ್ತರಿಸಿದ ಪ್ಲಾಸ್ಟರಿನ ಹಿಮ್ಮಡದ ತುಂಡು ಅವಳ ತೊಡೆಯ ಮೇಲಿತ್ತು. ಹೊರಗೆಲ್ಲ ನುಣುಪು. ಒಳಗೆ ಕಡಲೆಕಾಳಿನಷ್ಟು ಉಬ್ಬು.

ದೋಣಿ ದಂಡೆ ಮುಟ್ಟಿತು. ಶಾಂಭವಿ ಕೂತೇ ಇದ್ದಳು.

“ಗುರುವಾರ ನಾ ಬರೋದು ಬ್ಯಾಡ ಅಲ್ಲೇನ್ರಿ ಸರ್?”

“ಏಳಕ್ಕ ಅಂದಿದ್ದೆ. ಆರೂವರಿಗೆ ಬಾ.”

ಅವಳಿಗೆ ನಂಬಲಾಗಲಿಲ್ಲ. ತೊಡೆಯ ಮೇಲಿನ ತುಂಡನ್ನು ಎತ್ತಿ ನೀರಿನ ಕಡೆ ಕೈ ಚಾಚಿದಳು. “ಇದನ್ನ ಹೊಳಿಗೆ ಒಗದುಬಿಡಲೇನ್ರಿ?”

ಡಾಕ್ಟರು ಅವಳ ಕೈ ಹಿಡಿದು ನಿಲ್ಲಿಸಿದರು.

“ಒಗೀಬ್ಯಾಡ. ಮೇಜಿನ ಮ್ಯಾಲೆ ಇಟ್ಕೊ. ನನ್ನ ತುಂಡಿಗೆ ಐವತ್ತು ವರ್ಷ ಆಗಾಕ ಬಂತು, ದಿನಾ ತಿಕ್ಕತೇನಿ, ಉಬ್ಬು ಇನ್ನೂ ಸವದಿಲ್ಲ.”